ನಾಳೆ ಮೇಸ್ತ್ರಿಯ ಮೂರನೇ ಪಂಪು

ನಮ್ಮ ಯಜಮಾನರನ್ನು ಊರೆಲ್ಲ ನಾಳೆ ಮೇಸ್ತ್ರಿ ಅನ್ನುತ್ತದೆ. ಈ ಹೆಸರು ಮೊದಲು ಹೊರಟಿದ್ದು ನನ್ನ ಬಾಯಿಂದಲೇ ಎಂಬ ಗುಮಾನಿ ಅವರಿಗಿದೆ. ನಾನು ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ಯಾರೇ ಗಾಡಿ ತರಲಿ, ಇವರು ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಹತ್ತು ನಿಮಿಷ ತುಟಿ ಪಿಟಕ್ಕೆನ್ನದೆ ನೋಡುತ್ತಾರೆ. ಆಮೇಲೆ ಬಟ್ಟೆಗೆ ಕೈ ಒರೆಸಿಕೊಂಡು "ನಾಳೆ ಬನ್ನಿ" ಅನ್ನುತ್ತಾರೆ. ಪ್ಲಗ್ ಬದಲಾಯಿಸುವುದಾದರೂ ನಾಳೆ, ಇಡೀ ಎಂಜಿನ್ ಇಳಿಸುವುದಾದರೂ ನಾಳೆ. ನಮ್ಮಿಬ್ಬರಲ್ಲಿ ಮದುವೆಯ ಮಾತು ಬಾಯಿಬಿಟ್ಟು ಎತ್ತಿದವಳು ನಾನು. ಆಗಲೂ ಈ ಮಹಾನುಭಾವ "ನಾಳೆ ಹೇಳ್ತೀನಿ" ಅಂದರು. ಹೇಳಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ನನಗೆ ರೇಗಿ, ಬೇಡವೇ ಬೇಡ ಅನ್ನುವವಳಿದ್ದೆ. ಅವರ ಅಕ್ಕ ಬಂದು ನನ್ನ ಕೈ ಹಿಡಿದುಕೊಂಡು, "ನಿಧಾನ ಅವನು, ಆದ್ರೆ ಒಂದ್ಸಲ ಬಿಗಿ ಮಾಡಿದ ಬೋಲ್ಟು ಸಡಿಲ ಆಗಲ್ಲ ಕಣಮ್ಮ" ಅಂದರು. ಮೂವತ್ತು ವರ್ಷವಾಯಿತು. ಬೋಲ್ಟಿನ ವಿಷಯದಲ್ಲಿ ಅಕ್ಕ ಹೇಳಿದ್ದು ನಿಜ.

ನಮ್ಮದು ತಗಡಿನ ಶೆಡ್ಡು. ಅರ್ಧ ಅವರದು, ಅರ್ಧ ನನ್ನದು. ಆ ಕಡೆ ಜಾಕು, ಸ್ಪ್ಯಾನರುಗಳು, ಎಣ್ಣೆ ಮೆತ್ತಿದ ಡಬ್ಬಗಳು. ಈ ಕಡೆ ನನ್ನ ಹೊಲಿಗೆ ಮೆಷಿನ್ನು, ರೆಕ್ಸಿನ್ ಸುರುಳಿ, ಸ್ಪಂಜಿನ ಹಾಳೆಗಳು. ಕಾರು, ವ್ಯಾನು, ಬಸ್ಸುಗಳ ಸೀಟಿಗೆ ಕವರು ಹೊಲಿಯುವವಳು ನಾನು. ನಡುವೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಗ್ರೀಸ್ ಕೈ ಗೆರೆ ದಾಟಬಾರದು. ಇವರು ಟೀ ಕೇಳುವುದಾದರೂ ಗೆರೆಯ ಆಚೆ ನಿಂತೇ ಕೇಳುತ್ತಾರೆ. ಇಷ್ಟೆಲ್ಲ ಗಾಡಿಗಳ ನಡುವೆ ಬದುಕಿದರೂ ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಕಲಿಸುತ್ತೇನೆ ಬಾ ಅಂತ ಅಕ್ಕ ಎಷ್ಟು ವರ್ಷದಿಂದ ಕರೆಯುತ್ತಿದ್ದರೋ, ಅಷ್ಟೇ ವರ್ಷದಿಂದ ನಾನು ನಾಳೆ ನಾಳೆ ಅನ್ನುತ್ತಿದ್ದೆ. ಆ ಒಂದು ವಿಷಯದಲ್ಲಿ ಗಂಡನಿಗೆ ತಕ್ಕ ಹೆಂಡತಿ.

ಅಕ್ಕನ ಬಗ್ಗೆ ಹೇಳದಿದ್ದರೆ ಇವರ ಕತೆ ಮುಂದೆ ಹೋಗುವುದಿಲ್ಲ. ಇವರಿಗಿಂತ ಒಂಬತ್ತು ವರ್ಷ ದೊಡ್ಡವರು. ಇವರಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡರು. ಅಲ್ಲಿಂದ ಮುಂದೆ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಹೊಡೆದದ್ದು, ಮುದ್ದಿಸಿದ್ದು ಎಲ್ಲ ಅಕ್ಕನೇ. ಇವರಿಗೆ ಈಗ ಐವತ್ತೇಳು, ಅಕ್ಕನ ಬಾಯಲ್ಲಿ ಇನ್ನೂ ಪುಟ್ಟ. ಅಕ್ಕ ಡ್ರೈವಿಂಗ್ ಕಲಿಸುವ ಟೀಚರ್. ಊರಿನ ಅರ್ಧ ಜನ ಸ್ಟಿಯರಿಂಗ್ ಹಿಡಿದದ್ದು ಅವರ ಪಕ್ಕದಲ್ಲಿ ಕೂತು. ಅವರದೊಂದು ಹಳೇ ಕಾರು, ಡಬ್ಬದಂಥ ಆಕಾರ, ಹಸಿರು ಬಣ್ಣ. ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆ. ಅದು ಅಕ್ಕನ ಪೆಡಲ್. ರಬ್ಬರು ಸವೆದು ಕಬ್ಬಿಣ ಹೊಳೆಯುತ್ತದೆ.

ಆ ಕಾರಿನ ಬಗ್ಗೆ ನಮ್ಮ ಮನೆಯಲ್ಲಿ ಒಂದು ಕತೆ ಇದೆ. ಕಲಿಯಲು ಬರುತ್ತಿದ್ದ ಒಬ್ಬ ಹೊಸ ಮದುಮಗ, ಅಕ್ಕ ಅಂಗಡಿಯ ಮುಂದೆ ನೀರು ಕುಡಿಯಲು ಇಳಿದಾಗ, ಗಾಡಿ ಸಮೇತ ಮಾಯವಾದ. ಎರಡು ದಿನ ಬಿಟ್ಟು, ತಲೆ ತಗ್ಗಿಸಿಕೊಂಡು ವಾಪಸು ತಂದ. ಮಾವನ ಮನೆಯ ಮುಂದೆ ಕಾರಿನಲ್ಲಿ ಇಳಿಯುವ ಆಸೆಯಂತೆ! ಅವತ್ತಿನಿಂದ ಅಕ್ಕ ಟ್ಯಾಂಕಿಗೆ ಆ ದಿನದ ಪಾಠಕ್ಕೆ ಬೇಕಾದಷ್ಟೇ ಪೆಟ್ರೋಲ್ ಹಾಕಿಸುವುದು. "ಓಡಿಹೋದ್ರೂ ಸೇತುವೆ ದಾಟಬಾರದು" ಅನ್ನುತ್ತಿದ್ದರು. ಮನೆಗೆ ಯಾರೇ ಬರಲಿ, ನಾವು ಈ ಕತೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಈಗ ಅಕ್ಕನಿಗೆ ಅರವತ್ತಾರು. ಡ್ರೈವಿಂಗ್ ಶಾಲೆಯ ಬೋರ್ಡು ಇಳಿಸಿ ವರ್ಷಗಳಾದವು. ಆದರೂ ಬೆಳಗ್ಗೆ ಒಂದೆರಡು ಗಂಟೆ ಕಲಿಸುತ್ತಾರೆ. ಬರುವವರು ಹೆಚ್ಚಾಗಿ ನಲವತ್ತು ದಾಟಿದ ಹೆಂಗಸರು, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ಮನೆಯಲ್ಲಿ ಅನ್ನಿಸಿಕೊಂಡವರು. ಅಂಥವರನ್ನು ಅಕ್ಕ ಬೇರೆ ಕಡೆ ಕಳಿಸುವುದಿಲ್ಲ.

ಹೋದ ವರ್ಷ ಆ ಹಸಿರು ಕಾರಿನ ಎಂಜಿನ್ ಕೈಕೊಟ್ಟಿತು. ಹೊಗೆ, ಸದ್ದು, ಎಣ್ಣೆ ಸೋರಿಕೆ. ರಿಪೇರಿ ಮಾಡಲು ಒಳಗೆ ಏನೂ ಉಳಿದಿರಲಿಲ್ಲ. ಅಕ್ಕನ ಮಗ ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಸಮಾಧಾನದ ಹುಡುಗ. "ಸಾಕು ಬಿಡಮ್ಮ, ನಿಂಗೂ ವಯಸ್ಸಾಯ್ತು, ಗಾಡಿಗೂ ಆಯ್ತು" ಅಂದ. ಅಕ್ಕ ನೇರ ನಮ್ಮ ಶೆಡ್ಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ತಮ್ಮನಿಗೆ ಹೇಳಿದರು.

"ಪುಟ್ಟಾ, ಈ ಗಾಡಿ ಇದ್ರೆ ನಾನು ಟೀಚರ್. ಇಲ್ಲ ಅಂದ್ರೆ ಬರೀ ಮುದುಕಿ. ಏನಾದ್ರೂ ಮಾಡು."

ಇವರು ಹತ್ತು ನಿಮಿಷ ನೋಡಿದರು. "ನಾಳೆ ಹೇಳ್ತೀನಿ ಅಕ್ಕ" ಅಂದರು. ಆದರೆ ನಾನು ಗೆರೆಯ ಈಚೆಯಿಂದ ಕಂಡೆ, ಅವರ ಕಣ್ಣು ಆಗಲೇ ಶೆಡ್ಡಿನ ಮೂಲೆಯಲ್ಲಿದ್ದ ಇನ್ನೊಂದು ಎಂಜಿನ್ ಮೇಲಿತ್ತು. ಅದು ಒಂದು ಹೊಸ ಪುಟ್ಟ ಕಾರಿನದು. ಹಿಂದಿನಿಂದ ಬಸ್ಸು ಗುದ್ದಿ ಆ ಕಾರು ಅಪ್ಪಚ್ಚಿಯಾಗಿತ್ತು, ಎಂಜಿನ್ನಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಹಳೇ ಗಾಡಿಗೆ ಹೊಸ ಎಂಜಿನ್ ಕೂರಿಸುವುದು ಎತ್ತಿ ಇಟ್ಟಷ್ಟು ಸುಲಭವಲ್ಲ ಎಂದು ನನಗೆ ಆಗ ಗೊತ್ತಾಯಿತು. ಕೂರುವ ಜಾಗ ಬೇರೆ, ವೈರುಗಳು ಬೇರೆ, ನೀರಿನ ಪೈಪು ಬೇರೆ. ಎರಡು ತಿಂಗಳು ಇವರು ಅದರಲ್ಲೇ ಮುಳುಗಿದರು. ಎಲ್ಲಕ್ಕಿಂತ ತಲೆ ತಿಂದದ್ದು ಪೆಟ್ರೋಲ್ ಪಂಪು. ಹಳೇ ಎಂಜಿನ್ನಿಗೆ ಅದರ ಮೈಗೇ ಅಂಟಿಕೊಂಡ ಸಣ್ಣ ಪಂಪು ಸಾಕಿತ್ತು. ಟ್ಯಾಂಕಿನಿಂದ ಮೆಲ್ಲಗೆ ಎಳೆದು ಕಾರ್ಬ್ಯುರೇಟರಿಗೆ ಸುರಿದರೆ ಮುಗಿಯಿತು. ಹೊಸದು ಇಂಜೆಕ್ಷನ್ ಎಂಜಿನ್. ಅದಕ್ಕೆ ಪೆಟ್ರೋಲ್ ಜೋರಾಗಿ, ಒಂದೇ ಸಮನೆ, ಎಡೆಬಿಡದೆ ನುಗ್ಗಬೇಕು. ಅದಕ್ಕೆ ಕರೆಂಟಿನ ಪಂಪು ಬೇಕು, ಒತ್ತಡ ತಡೆಯುವ ಪೈಪು ಬೇಕು, ಮಿಕ್ಕಿದ್ದು ಟ್ಯಾಂಕಿಗೆ ಮರಳಲು ಇನ್ನೊಂದು ಪೈಪು ಬೇಕು.

ಎದುರು ಸಾಲಿನ ಪಾರ್ಟ್ಸ್ ಅಂಗಡಿಯವನನ್ನು ಕೇಳಿದರೆ ಅವನಿಗೆ ಯಾವಾಗಲೂ ದೊಡ್ಡದೇ ಬೇಕು. ಕೈಯುದ್ದದ ಹೊಳೆಯುವ ಪಂಪೊಂದನ್ನು ಗಾಜಿನ ಮೇಲಿಟ್ಟು, "ಮೇಸ್ತ್ರಿ, ಇದನ್ನ ಹಾಕಿ, ಲಾರಿ ಎಂಜಿನ್ನಿಗೂ ಸಾಕು" ಅಂದನಂತೆ. ಇವರು ಅದನ್ನು ಬಿಟ್ಟು, ಆ ಎಂಜಿನ್ನಿಗೆ ಎಷ್ಟು ಬೇಕೋ ಅಷ್ಟೇ ಒತ್ತಡದ ಮಧ್ಯಮ ಪಂಪೊಂದನ್ನು ತಂದು, ಟ್ಯಾಂಕಿನ ಹೊರಗೆ, ಗಾಡಿಯ ಹೊಟ್ಟೆಯ ಕೆಳಗೆ ಕಟ್ಟಿದರು. ನನಗೆ ಅದು ಸರಿಯಾದ ಆಯ್ಕೆ ಅನ್ನಿಸಿತು. ಅವರಿಗೂ ಅನ್ನಿಸಿತು.

ಎರಡು ದಿನ ಓಡಿಸಿ ನೋಡಿದರು. ಗಾಡಿ ಪರೀಕ್ಷೆ ಮಾಡುವುದರಲ್ಲಿ ಇವರದೊಂದು ಪದ್ಧತಿ. ಒಬ್ಬರೇ ಹೋಗಬೇಕು, ಪಕ್ಕದಲ್ಲಿ ಯಾರೂ ಮಾತಾಡಬಾರದು, ಮತ್ತು ಮೊಟ್ಟಮೊದಲು ಟ್ಯಾಂಕ್ ತುಂಬಿಸಬೇಕು. ಕೆಲಸ ಕಲಿಯುವ ಕಾಲದಲ್ಲಿ ಇವರು ಒಂದು ಕಾರು ಸ್ಟಾರ್ಟ್ ಆಗುವುದಿಲ್ಲ ಅಂತ ಬೆಳಗ್ಗಿಂದ ಸಂಜೆವರೆಗೆ ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಕೂರಿಸಿ, ಮತ್ತೆ ಬಿಚ್ಚಿದ್ದರಂತೆ. ಕೊನೆಗೆ ಕಲಿಸುವ ಮೇಸ್ತ್ರಿ ಬಂದು ಟ್ಯಾಂಕಿನೊಳಗೆ ಕಡ್ಡಿ ಹಾಕಿ ತೋರಿಸಿದರು. ಕಡ್ಡಿ ಒಣಗಿತ್ತು. ಇಡೀ ಗ್ಯಾರೇಜು ನಕ್ಕಿತ್ತು. ಅವತ್ತಿನಿಂದ ಶೆಡ್ಡಿಗೆ ಯಾವ ಗಾಡಿ ಬರಲಿ, ಪೆಟ್ರೋಲಿನ ಮುಳ್ಳು ಎಲ್ಲಿದೆ ಅಂತಲೂ ನೋಡದೆ ಮೊದಲು ಕ್ಯಾನು ಎತ್ತಿ ತುಂಬಿಸಿಬಿಡುತ್ತಾರೆ. ನಾಚಿಕೆ ಮನುಷ್ಯನನ್ನು ಎಷ್ಟು ವರ್ಷ ಆಳುತ್ತದೆ ನೋಡಿ.

ಅಕ್ಕ ಗಾಡಿ ತೆಗೆದುಕೊಂಡು ಹೋದರು. ಮೂರು ವಾರ ಗಾಡಿ ಬೆಣ್ಣೆಯ ಹಾಗೆ ಓಡಿತು. ಆಮೇಲೊಂದು ದಿನ ಬೆಳಗ್ಗೆ, ಅಂಚೆ ಕಚೇರಿಯ ಏರಿನಲ್ಲಿ, ಅರ್ಧಕ್ಕೆ ನಿಲ್ಲಿಸಿ ಮತ್ತೆ ಹೊರಡುವ ಪಾಠ ನಡೆಯುತ್ತಿದ್ದಾಗ, ಎಂಜಿನ್ ಎರಡು ಸಲ ಕೆಮ್ಮಿ ಆರಿಹೋಯಿತು. ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಹಿಂದೆ ಲಾರಿ. ಕಲಿಯುತ್ತಿದ್ದ ಹೆಂಗಸು ಅಳಲು ಶುರು. ದಾರಿಹೋಕರು ತಳ್ಳಿ ಸಮತಟ್ಟಿಗೆ ತಂದ ಮೇಲೆ, ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಗಾಡಿ ಶೆಡ್ಡಿಗೆ ಬಂತು. ಇವರು ಟ್ಯಾಂಕ್ ತುಂಬಿಸಿದರು, ಅದೇ ಏರಿಗೆ ನಾಲ್ಕು ಸಲ ಹತ್ತಿಸಿದರು. ನಿಲ್ಲಲಿಲ್ಲ. ಪೈಪು ನೋಡಿದರು, ವೈರು ನೋಡಿದರು. "ಪಂಪ್ ಸೋತಿದೆ ಅನ್ಸುತ್ತೆ" ಅಂದರು. ಆ ಅನಿಸಿಕೆಯಲ್ಲಿ ಪಾರ್ಟ್ಸ್ ಅಂಗಡಿಯವನು ಗೆದ್ದ. ಕೈಯುದ್ದದ ಪಂಪು ಬಂತು. ಅದರ ಸದ್ದೋ, ಕಿವಿಯ ಹತ್ತಿರ ಜೀರುಂಡೆ ಕೂತ ಹಾಗೆ. ಅಕ್ಕ ಮೂಗು ಮುರಿದರು, ಆದರೂ ಒಯ್ದರು.

ಈ ಸಲ ಎರಡೇ ವಾರ. ಅದೇ ಏರು, ಅದೇ ಕೆಮ್ಮು. ಈ ಸಲ ಹಿಂದೆ ಬಸ್ಸು, ಅದರ ಕಿಟಕಿಯಲ್ಲಿ ಅಕ್ಕನ ಮಗ. ಅವನು ಇಳಿದು ಬಂದು, ತಾನೇ ತಳ್ಳಿಸಿ, ಗಾಡಿಯನ್ನು ಅಕ್ಕನ ಅಂಗಳದಲ್ಲಿ ನಿಲ್ಲಿಸಿದ. ಸಂಜೆ ನಮ್ಮನ್ನೂ ಕರೆಸಿದ. ಅವನು ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿಬಿಡುತ್ತಿದ್ದೆ. ಅವನು ತಾನೇ ಟೀ ತಂದಿಟ್ಟು, ಎದುರು ಕೂತ.

"ಮಾವ, ನಿಮ್ಮ ಮೇಲೆ ನಂಗೆ ಬೇಜಾರಿಲ್ಲ. ಆದ್ರೆ ಆ ಬಸ್ಸಿಗೆ ಬ್ರೇಕ್ ಸ್ವಲ್ಪ ತಡ ಆಗಿದ್ರೆ? ಇನ್ನೊಂದು ಸಲ ಈ ಗಾಡಿ ನಡುರಸ್ತೇಲಿ ನಿಂತ್ರೆ ಕೀ ನನ್ನ ಹತ್ರ ಇರುತ್ತೆ. ಅಮ್ಮ ಆಮೇಲೆ ಓಡ್ಸಲ್ಲ."

ಅಕ್ಕ ಗೋಡೆ ನೋಡುತ್ತಿದ್ದರು. "ಆಯ್ತು" ಅಂದರು. ಅವರು ಅಷ್ಟು ಬೇಗ ಒಪ್ಪಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಆಮೇಲೆ ಒಂದು ವಾರ ಇವರು ಏನೂ ಮಾಡಲಿಲ್ಲ. ತೆಗೆದಿಟ್ಟಿದ್ದ ಮೊದಲನೇ ಪಂಪನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಬೇರೆ ಗಾಡಿಗಳಿಗೆಲ್ಲ ನಾಳೆ. ಕೊನೆಗೆ ನಾನು ಹೊಲಿಗೆ ನಿಲ್ಲಿಸಿ ಎದ್ದೆ.

"ರೀ, ನೀವು ಓಡಿಸಿದ್ರೆ ನಿಲ್ಲಲ್ಲ, ಅಕ್ಕ ಓಡಿಸಿದ್ರೆ ನಿಲ್ಲುತ್ತೆ. ಅಂದ್ಮೇಲೆ ಪಂಪು ದಿಟ್ಟಿಸಿ ಏನು ಪ್ರಯೋಜನ? ಅಕ್ಕನ ಪಕ್ಕ ಕೂತು ನೋಡಿ."

ಆ ಪಕ್ಕದ ಸೀಟಿಗೂ ಇವರಿಗೂ ಹಳೇ ಕತೆಯಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಕ್ಕನ ಹತ್ತಿರ ಗಾಡಿ ಕಲಿಯುವಾಗ, ಇವರು ರಸ್ತೆ ಬಿಟ್ಟು ಎಂಜಿನ್ನಿನ ಸದ್ದು ಕೇಳುತ್ತಾ ಮೈಮರೆತಿದ್ದರು. ಮಾರುಕಟ್ಟೆಯ ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ಒಬ್ಬ ಮುದುಕ ಅಡ್ಡ ಬಂದ. ಅಕ್ಕ ತಮ್ಮ ಪೆಡಲ್ ಒತ್ತಿದ್ದರಿಂದ ಮುದುಕ ಉಳಿದ. "ಎಂಜಿನ್ ಕೇಳ್ಬೇಡ, ರಸ್ತೆ ನೋಡು" ಅಂತ ಬೈದು, ಇವರನ್ನು ಅಲ್ಲೇ ಇಳಿಸಿ ಮನೆಯವರೆಗೆ ನಡೆಸಿದರು. ಆಮೇಲೆ ಇವರು ಬೇರೆಯವರ ಹತ್ತಿರ ಕಲಿತರು. ಅಕ್ಕ ಇರುವಾಗ ಆ ಕಾರಿನಲ್ಲಿ ಕೂತೇ ಇರಲಿಲ್ಲ, ಮೂವತ್ತೆಂಟು ವರ್ಷ!

"ನಾಳೆ ಹೋಗ್ತೀನಿ" ಅಂದರು.

"ಈಗ" ಅಂದೆ. ಕತ್ತರಿ ನನ್ನ ಕೈಯಲ್ಲೇ ಇತ್ತು. ಹೊರಟರು.

ಅಭ್ಯಾಸಬಲದಿಂದ ಪೆಟ್ರೋಲ್ ಕ್ಯಾನು ಎತ್ತಿಕೊಂಡೇ ಬಂದರು. ಅಕ್ಕನ ಅಂಗಳದಲ್ಲಿ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದಾಗ ಅಕ್ಕ ಬಾಗಿಲಿಂದಲೇ ಕೂಗಿದರು.

"ಅದ್ಯಾಕೋ ಸುರೀತಿದ್ದೀಯಾ? ಮುಳ್ಳು ಇನ್ನೂ ಕೆಂಪಿಂದ ಸ್ವಲ್ಪ ಮೇಲಿದೆ. ಇವತ್ತಿಗೆ ಧಾರಾಳ."

ಇವರ ಕೈ ಮುಚ್ಚಳದ ಮೇಲೇ ನಿಂತಿತು.

"ಅಕ್ಕಾ, ನೀನು ಯಾವಾಗ್ಲೂ ಇಷ್ಟರಲ್ಲೇ ಓಡಿಸ್ತೀಯಾ?"

"ಗೊತ್ತಿಲ್ದಿರೋನ ಹಾಗೆ ಕೇಳ್ತಾನೆ ನೋಡು. ನೀನು ತುಂಬಿಸಿ ಕಳಿಸಿದ್ದು ಖಾಲಿ ಆಗೋವರೆಗೆ ಕಾದು, ಆಮೇಲೆ ನನ್ನ ಲೆಕ್ಕದಲ್ಲೇ ಹಾಕಿಸೋದು. ಆ ಮದುಮಗ ಗಾಡಿ ಹೊಡ್ಕೊಂಡು ಹೋದಾಗಿಂದ ಹೀಗೇ ಅಲ್ವೇನೋ?"

ಇವರು ಕ್ಯಾನು ಕೆಳಗಿಟ್ಟರು. ನನಗೆ ನಗು ಬಂತು, ಅಳುವೂ ಬಂತು. ಎಷ್ಟು ನೂರು ಸಲ ನಾವು ಆ ಕತೆ ಹೇಳಿ ನಕ್ಕಿದ್ದೇವೆ! ಅದು ಟ್ಯಾಂಕಿನ ಕತೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

"ಹೋಗೋಣ ಅಕ್ಕ. ನೀನೇ ಓಡಿಸು" ಅಂದು ಇವರು ಪಕ್ಕದ ಸೀಟಿನಲ್ಲಿ ಕೂತರು. ಮೊಣಕಾಲು ಮಡಚಿ, ಆ ಪೆಡಲ್ಲಿಗೆ ತಾಗದ ಹಾಗೆ ಕಾಲು ಓರೆ ಮಾಡಿಕೊಂಡು. ನಾನು ಹಿಂದೆ, ಕ್ಯಾನು ನನ್ನ ಕಾಲ ಬಳಿ.

ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ಅಂಚೆ ಕಚೇರಿಯ ಏರು ಶುರುವಾಗಿ ಮೂತಿ ಮೇಲೆದ್ದಿತೋ ಇಲ್ಲವೋ, ಎಂಜಿನ್ ಒಂದು ಸಲ ಕೆಮ್ಮಿತು. ಇವರು ಒಮ್ಮೆಲೇ ಕಾಲು ಚಾಚಿ ಅಕ್ಕನ ಪೆಡಲ್ ಒತ್ತಿಬಿಟ್ಟರು. ಗಾಡಿ ನಿಂತಿತು, ಅಕ್ಕ ಥಟ್ಟನೆ ಕ್ಲಚ್ ಒತ್ತಿದ್ದರಿಂದ ಎಂಜಿನ್ ಇನ್ನೂ ಓಡುತ್ತಿತ್ತು. ಅಕ್ಕ ತಮ್ಮನ ಮುಖ ನೋಡಿದರು. ಅವರ ಗಾಡಿಗೆ ಅವರನ್ನು ಬಿಟ್ಟು ಇನ್ನೊಬ್ಬರು ಆ ಬ್ರೇಕ್ ಹಾಕಿದ್ದು ಅದೇ ಮೊದಲು.

"ಹಿಂದಕ್ಕೆ ಬಿಡು ಅಕ್ಕ, ಸಮತಟ್ಟಿಗೆ. ಮುಂದೆ ಹೋದ್ರೆ ಆರಿಹೋಗುತ್ತೆ. ನಂಗೆ ಗೊತ್ತಾಯ್ತು."

ಅಕ್ಕ ತುಟಿ ಬಿಗಿಹಿಡಿದು ಹಿಂದಕ್ಕೆ ಬಿಟ್ಟರು. ರಸ್ತೆ ಬದಿಯಲ್ಲಿ ನಿಲ್ಲಿಸಿ ಇವರು ನಮಗೆ ವಿವರಿಸಿದರು. ಮೂವತ್ತು ವರ್ಷದಲ್ಲಿ ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ನಾನು ಕೇಳಿರಲಿಲ್ಲ.

"ಈ ಟ್ಯಾಂಕು ತಟ್ಟೆ ಥರ, ಅಗಲ ಜಾಸ್ತಿ, ಆಳ ಕಮ್ಮಿ. ಏರು ಹತ್ತುವಾಗ ಇರೋ ಚೂರು ಪೆಟ್ರೋಲೆಲ್ಲ ಹಿಂದಕ್ಕೆ ಹೋಗುತ್ತೆ. ಪೈಪಿನ ಬಾಯಿ ಇರೋದು ಮುಂದೆ. ಪಂಪಿಗೆ ಸಿಗೋದು ಬರೀ ಗಾಳಿ. ಹಳೇ ಎಂಜಿನ್ ಕಾರ್ಬ್ಯುರೇಟರಲ್ಲಿ ಒಂದು ಲೋಟದಷ್ಟು ಕೂಡಿಟ್ಕೊಂಡು ಕುಡೀತಿತ್ತು, ಅರ್ಧ ನಿಮಿಷ ಬರದಿದ್ರೂ ತಡ್ಕೋತಿತ್ತು. ಹೊಸದು ನೇರ ಪೈಪಿಗೆ ಬಾಯಿಡುತ್ತೆ. ಒಂದು ಗುಟುಕು ತಪ್ಪಿದ್ರೂ ಆಯ್ತು. ದೊಡ್ಡ ಪಂಪು ಹಾಕಿದೆ, ಅದು ಇದ್ದಿದ್ದನ್ನೂ ಬೇಗ ಹೀರಿ ಮುಗಿಸ್ತು."

"ಹಾಗಾದ್ರೆ ಟ್ಯಾಂಕ್ ತುಂಬಾ ಇಟ್ಕೊಂಡ್ರೆ ಮುಗೀತಲ್ಲ?" ಅಂದೆ ನಾನು. ನನಗೆ ಯಾವಾಗಲೂ ಹತ್ತಿರದ ದಾರಿ.

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಇವರು ಮೊದಲೇ ತಲೆಯಾಡಿಸಿದರು. "ಬೇಡ. ಒಂದಿನ ಮರೆತ್ರೆ ಮತ್ತೆ ಅದೇ ಏರು, ಅದೇ ಬಸ್ಸು. ಅಕ್ಕ ನಲವತ್ತು ವರ್ಷ ಒಂದು ಥರ ಓಡಿಸಿದ್ದಾಳೆ. ನಾನು ಪಂಪು ಆರಿಸಿದ್ದು ಎಂಜಿನ್ ನೋಡಿ. ಓಡಿಸೋರನ್ನ ನೋಡ್ಲೇ ಇಲ್ಲ. ತಪ್ಪು ನಂದು."

ನನಗೆ ಆ ಗಳಿಗೆಯಲ್ಲಿ ಆ ಮನುಷ್ಯನ ಮೇಲೆ ಬಂದ ಪ್ರೀತಿಯನ್ನು ಅಕ್ಕನ ಮುಂದೆ ತೋರಿಸಲಾಗಲಿಲ್ಲ. ಕ್ಯಾನನ್ನು ಸರಿಯಾಗಿ ನಿಲ್ಲಿಸಿದೆ, ಅಷ್ಟೇ.

ಮೂರನೇ ಪಂಪನ್ನು ಆರಿಸಲು ಇವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಪುಟ್ಟ ಕಾರುಗಳ ಟ್ಯಾಂಕಿನೊಳಗೇ ಮುಳುಗಿ ಕೂರುವ ಪಂಪು ಅದು. ಸುತ್ತ ಪ್ಲಾಸ್ಟಿಕ್ಕಿನ ಒಂದು ಲೋಟವಿರುತ್ತದೆ. ಎಂಜಿನ್ ಬಳಸಿ ಮಿಕ್ಕಿದ ಪೆಟ್ರೋಲ್ ಮರಳಿ ಬಂದು ಆ ಲೋಟಕ್ಕೇ ಬೀಳುತ್ತದೆ. ಗಾಡಿ ಹತ್ತಲಿ, ಇಳಿಯಲಿ, ವಾಲಲಿ, ಲೋಟ ತುಂಬಿಯೇ ಇರುತ್ತದೆ, ಪಂಪು ಅದರಲ್ಲಿ ಮುಳುಗಿಯೇ ಇರುತ್ತದೆ. ಹಳೇ ಟ್ಯಾಂಕಿನ ಆಳಕ್ಕೆ ಹಿಡಿಸುವಷ್ಟು ಗಿಡ್ಡದ್ದು ಬೇಕು ಅಂದಾಗ ಪಾರ್ಟ್ಸ್ ಅಂಗಡಿಯವನು ಅಟ್ಟದ ಮೇಲಿಂದ ಧೂಳು ಹಿಡಿದದ್ದೊಂದನ್ನು ಇಳಿಸಿದ.

"ಇಷ್ಟು ಚಿಕ್ಕದಾ ಮೇಸ್ತ್ರಿ? ಅದಕ್ಕಿಂತ ಇದು..." ಅನ್ನುತ್ತಾ ಅವನ ಕೈ ಮತ್ತೆ ಗಾಜಿನ ಕಡೆ ಹೋಯಿತು.

"ಇಷ್ಟೇ ಸಾಕು" ಅಂದರು ಇವರು.

ಕೆಲಸ ಮಾತ್ರ ಅವರ ಹೆಸರಿಗೆ ತಕ್ಕ ಹಾಗೇ ನಡೆಯಿತು. ಟ್ಯಾಂಕ್ ಇಳಿಸಿ, ಪೂರ್ತಿ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ಮೂರು ದಿನ ತೊಳೆದರು. ಪೆಟ್ರೋಲಿನ ವಾಸನೆ ಇರುವವರೆಗೆ ಅದಕ್ಕೆ ಕಬ್ಬಿಣ ತಾಗಿಸುವುದಿಲ್ಲ ಅಂದರು. ಎರಡು ದಿನ ಬಿಸಿಲಿಗಿಟ್ಟರು. ಅಕ್ಕ ದಿನಾ ಬಂದು ಸ್ಟೂಲಿನ ಮೇಲೆ ಕೂತು ಎಷ್ಟಾಯಿತು ಅಂತ ನೋಡಿ ಹೋಗುತ್ತಿದ್ದರು. ಆರನೇ ದಿನ ಟ್ಯಾಂಕಿನ ನೆತ್ತಿಯಲ್ಲಿ ಕೈಗತ್ತರಿಯಿಂದಲೇ ದುಂಡಗೆ ತೂತು ಕತ್ತರಿಸಿದರು, ಕಿಡಿ ಹಾರುವ ಯಂತ್ರ ಮುಟ್ಟಲಿಲ್ಲ. ಪಂಪಿನ ಮುಚ್ಚಳಕ್ಕೂ ಟ್ಯಾಂಕಿಗೂ ನಡುವೆ ಪೆಟ್ರೋಲಿಗೆ ಕರಗದ ರಬ್ಬರಿನ ಬಳೆಯೊಂದು ಬೇಕಿತ್ತು. ಅವರು ಕತ್ತರಿಸಿದ್ದು ಎರಡು ಸಲವೂ ಸೊಟ್ಟಗಾಯಿತು. ಮೂರನೇ ಸಲ ಗೆರೆಯ ಆಚೆ ನಿಂತು ನನ್ನನ್ನೇ ನೋಡಿದರು.

"ಕೊಡಿ ಇಲ್ಲಿ" ಅಂದೆ. ಎಷ್ಟೋ ಸೀಟಿನ ಮೂಲೆಗಳನ್ನು ತಿರುಗಿಸಿದ ಕೈ ನನ್ನದು. ಬಟ್ಟಲು ಇಟ್ಟು ಗುರುತು ಮಾಡಿ, ಒಂದೇ ಉಸಿರಿನಲ್ಲಿ ಕತ್ತರಿಸಿಕೊಟ್ಟೆ. ಎಂಟು ಸ್ಕ್ರೂ ಬಿಗಿದರು. ಒಂದು ಹನಿ ಸೋರಲಿಲ್ಲ.

ಆ ವಾರ ಅಕ್ಕ ದಿನಾ ಬೆಳಗ್ಗೆ ಮುಳ್ಳು ಕೆಂಪಿಗಿಳಿಸಿಕೊಂಡು ಏರಿಗೆ ಹೋದರು, ಇವರು ಪಕ್ಕದಲ್ಲಿ. ಒಂದು ಸಲವೂ ಕೆಮ್ಮಲಿಲ್ಲ. ನಾಲ್ಕನೇ ದಿನ ಅಕ್ಕ ನನ್ನ ಮೆಷಿನ್ನಿನ ಹತ್ತಿರ ಬಂದು, "ಬಳೆ ಕತ್ತರಿಸಿದವಳು ಗಾಡಿ ಮುಟ್ಟಲ್ವಾ? ಏಳು" ಅಂದರು. ನಾಳೆ ಅನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಐವತ್ತೆರಡನೇ ವಯಸ್ಸಿನಲ್ಲಿ ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಕಲಿತೆ.

ಎರಡು ವಾರ ಕಳೆದು ಒಂದು ರಜೆಯ ದಿನ ಅಕ್ಕ ಮಗನನ್ನು ಕರೆಸಿದರು. ಅಷ್ಟು ಹೊತ್ತಿಗೆ ನನಗೆ ಗಾಡಿ ಮುಂದಕ್ಕೂ ಹಿಂದಕ್ಕೂ ಓಡಿಸುವಷ್ಟು ಬರುತ್ತಿತ್ತು. ಅಕ್ಕ ಕೀ ತಂದು ನನ್ನ ಕೈಗಿಟ್ಟರು.

"ನಾನೇ ಓಡಿಸಿದ್ರೆ ಕೈಚಳಕ ಅಂತೀಯಾ ನೀನು" ಅಂದರು ಮಗನಿಗೆ. "ಇದು ಕಲಿಯೋರ ಗಾಡಿ. ಕಲಿಯೋರೇ ಓಡಿಸ್ಲಿ. ಹಿಂದೆ ಕೂತು ನೋಡು."

ನಾನು ಸ್ಟಿಯರಿಂಗಿನಲ್ಲಿ, ಅಕ್ಕ ಅವರ ಪೆಡಲ್ ಮುಂದೆ, ಮಾವ ಅಳಿಯ ಇಬ್ಬರೂ ಹಿಂದೆ. ಮುಳ್ಳು ಕೆಂಪಿನೊಳಗೆ. ಏರಿನ ಅರ್ಧಕ್ಕೆ ಹೋದಾಗ ಅಕ್ಕ ನಿಲ್ಲಿಸು ಅಂದರು. ಹ್ಯಾಂಡ್ ಬ್ರೇಕ್ ಎಳೆದೆ. "ಎರಡು ನಿಮಿಷ ಹೀಗೇ ಇರ್ಲಿ" ಅಂದರು. ಅಕ್ಕನ ಮಗ ಗಡಿಯಾರ ನೋಡುತ್ತಾ ಕೂತ. ಎಂಜಿನ್ ಒಂದೇ ಸಮನೆ ಗುನುಗುತ್ತಿತ್ತು. ಎರಡು ನಿಮಿಷವಾಯಿತು, ಮೂರೂ ಆಯಿತು.

"ಹೊರಡು" ಅಂದರು ಅಕ್ಕ.

ಕ್ಲಚ್ ಒಮ್ಮೆಲೇ ಬಿಟ್ಟುಬಿಟ್ಟೆ. ಗಾಡಿ ಕಪ್ಪೆಯ ಹಾಗೆ ಒಂದು ಸಲ ಹಾರಿ, ಸತ್ತುಹೋಯಿತು.

ಹಿಂದಿನಿಂದ ಒಂದು ವ್ಯಾನು ಹಾರನ್ ಹೊಡೆಯಿತು. ಎರಡು ಸೀಟುಗಳ ನಡುವಿನಿಂದ ಅಕ್ಕನ ಮಗನ ಕೈ ಮುಂದಕ್ಕೆ ಬಂತು, ಅಂಗೈ ಮೇಲಾಗಿ.

"ಅಮ್ಮಾ. ಕೀ."

"ಅದು ಪಂಪಲ್ಲ ಕಣೋ, ಇವಳ ಕಾಲು..." ಅಂತ ಇವರು ಶುರು ಮಾಡಿದರು. ಅಕ್ಕ ಕೈಯೆತ್ತಿ ತಡೆದರು. ಹಿಂದೆ ತಿರುಗಲಿಲ್ಲ, ಗಾಜಿನಾಚೆ ರಸ್ತೆಯನ್ನೇ ನೋಡುತ್ತಾ ಮಗನನ್ನು ಕೇಳಿದರು.

"ಕಲಿಯೋವಾಗ ಈ ಏರಲ್ಲಿ ನೀನು ಎಷ್ಟು ಸಲ ಗಾಡಿ ನಿಲ್ಲಿಸಿದ್ದೆ, ನೆನಪಿದ್ಯಾ?"

ಉತ್ತರಕ್ಕೆ ಕಾಯದೆ ಅಕ್ಕನೇ ಲೆಕ್ಕ ಹೇಳಿದರು.

"ಒಂಬತ್ತು ಸಲ. ಹಿಂದೆ ಬಸ್ಸು ನಿಂತಿತ್ತು. ಒಂಬತ್ತನೇ ಸಲ ನೀನು ಅಳೋಕೆ ಶುರು ಮಾಡ್ದೆ. ಆವತ್ತು ನಿನ್ನ ಕೈಯಿಂದ ನಾನು ಕೀ ಕಿತ್ಕೊಂಡ್ನಾ?"

ಆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಕೆಳಗಿಳಿದು, ಹ್ಯಾಂಡ್ ಬ್ರೇಕ್ ಮುಟ್ಟಿ, ಸರಿಯಾಗಿ ಎಳೆದಿದೆಯಾ ಅಂತ ನೋಡಿ, ಹಿಂದಕ್ಕೆ ಹೋಯಿತು.

"ಅತ್ತೆ, ಗಾಬರಿ ಬೇಡ" ಅಂದ ಅವನು. "ನ್ಯೂಟ್ರಲ್ ಮಾಡಿ, ಕೀ ತಿರುಗಿಸಿ. ಕ್ಲಚ್ ಮೆಲ್ಲಗೆ ಬಿಡಿ, ಹಿಂದಿನವನು ಕಾಯ್ತಾನೆ." ಅಕ್ಷರ ಅಕ್ಷರವೂ ಅಕ್ಕ ಪಾಠದಲ್ಲಿ ಹೇಳುವ ಮಾತು.

ಕೀ ತಿರುಗಿಸಿದೆ. ಹಿಂದೆ ಟ್ಯಾಂಕಿನೊಳಗಿನ ಚಿಕ್ಕ ಪಂಪು ಒಂದು ಕ್ಷಣ ಗುಂಯ್ ಅಂತು, ಎಂಜಿನ್ ಎದ್ದಿತು. ಇವರು ಕಣ್ಣು ಮುಚ್ಚಿಕೊಂಡು ಎಂಜಿನ್ ಸದ್ದನ್ನೇ ಕೇಳುತ್ತಿರುತ್ತಾರೆ ಅಂದುಕೊಂಡು ಕನ್ನಡಿ ನೋಡಿದೆ. ಇವರು ನನ್ನ ತಲೆಯ ಪಕ್ಕದಿಂದ ಬಾಗಿ, ಕಣ್ಣಗಲಿಸಿಕೊಂಡು, ರಸ್ತೆ ನೋಡುತ್ತಿದ್ದರು. ಮೆಲ್ಲಗೆ ಕ್ಲಚ್ ಬಿಟ್ಟೆ. ಗಾಡಿ ಒಂದಿಂಚೂ ಹಿಂದೆ ಜಾರದೆ ಹತ್ತಿತು.

ಮೇಲೆ ಅಂಚೆ ಕಚೇರಿಯ ಮುಂದೆ ನಿಲ್ಲಿಸಿದಾಗ ಅಕ್ಕ ಕೀ ತೆಗೆದು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಮಗ ನೋಡಿದ, ಇಳಿದು ಅಮ್ಮನ ಕಡೆಯ ಬಾಗಿಲು ತೆರೆದ.

"ನಾಳೆ ಏಳು ಗಂಟೆಗೆ ಬಾ" ಅಂದರು ನನಗೆ. "ಇದೇ ಏರು."